ವಾರ್ಡ್ ಗೊತ್ತಿಲ್ಲದವರಿಗೆ ಈ ಸಲ ಬಿ-ಫಾರಂ ಬೇಡ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ದಾವಣಗೆರೆ ಮಹಾನಗರ ಪಾಲಿಕೆ ಚುನಾವಣೆಯ ಮಾತು ಎದ್ದದ್ದೇ ತಡ, ನಮ್ಮ ಓಣಿಯ ಲೈಟ್ ಕಂಬಗಳ ಮೇಲೆಲ್ಲ ಹೊಸ ಮುಖಗಳು. ಯುವ ನಾಯಕ, ಸಮಾಜ ಸೇವಕ, ಬಡವರ ಬಂಧು. ಫ್ಲೆಕ್ಸಿನ ಮೂಲೆಯಲ್ಲಿ ಕೈಮುಗಿದ ತಮ್ಮ ಫೋಟೋ. ಈ ಬಂಧುಗಳು ಇಷ್ಟು ದಿನ ಎಲ್ಲಿದ್ದರೋ, ಮನೆಯಂತೂ ನಮ್ಮ ವಾರ್ಡಿನಲ್ಲಿಲ್ಲ. ಆದ್ದರಿಂದ ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಸಲ ಬಿ-ಫಾರಂ ಅನ್ನು, ಅಂದರೆ ಪಕ್ಷದ ಅಧಿಕೃತ ಟಿಕೆಟ್ ಪತ್ರವನ್ನು, ವಾರ್ಡಿನಲ್ಲೇ ವಾಸ ಇರುವವರಿಗೆ, ಕೆಲಸ ಮಾಡಿ ಗೊತ್ತಿರುವವರಿಗೆ ಕೊಡಿ.

ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಯಾವ ವಾರ್ಡಿನಲ್ಲಾದರೂ ನಿಲ್ಲಬಹುದು, ಕಾನೂನು ತಮಗೆ ಗೊತ್ತೇ ಇದೆ. ನಿಲ್ಲಬಹುದು, ಒಪ್ಪಿದೆ. ಹಾಗೇ ನಿಲ್ಲಿಸಲೇಬೇಕು ಅಂತ ಎಲ್ಲಿ ಬರೆದಿದೆ?

ನಮ್ಮ ಮನೆಯಲ್ಲಿ ನಡೆದದ್ದನ್ನು ಕೇಳಿ. ಮಗಳ ನಿಶ್ಚಿತಾರ್ಥ. ಗಂಡಿನ ಕಡೆಯವರು ರಾಣೆಬೆನ್ನೂರಿನಿಂದ ಹೊರಟಾಗಿತ್ತು. ಮನೆ ಮುಂದೆ ಶಾಮಿಯಾನ, ಒಳಗೆ ಹೋಳಿಗೆ. ಬೆಳಿಗ್ಗೆ ಎಂಟರ ಹೊತ್ತಿಗೆ ಯುಜಿಡಿ (ಒಳಚರಂಡಿ) ಚೇಂಬರ್ ಉಕ್ಕಿತು. ಹಿಂದಿನ ರಾತ್ರಿ ಮಳೆ ಬಿದ್ದಿತ್ತು, ಕೊಚ್ಚೆ ಸೀದಾ ಶಾಮಿಯಾನದ ಕಾಲಿಗೇ ಬಂತು. ನನ್ನ ಹೆಂಡತಿ ಬಿಡಿಸಿದ ರಂಗೋಲಿ ಅವಳ ಕಣ್ಣೆದುರೇ ತೇಲಿಹೋಯಿತು. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳ ಪಟ್ಟಿಯಲ್ಲಿ ದಾವಣಗೆರೆ ಬಂದಾಗ ನಾವೂ ಪಟಾಕಿ ಹೊಡೆದವರೇ, ಅದಿರಲಿ. ನಮ್ಮ ವಾರ್ಡಿನ ಪಾಲಿಕೆ ಸದಸ್ಯರಿಗೆ ಫೋನ್ ಮಾಡಿದೆ. ಎತ್ತಿದ್ದು ಅವರ ಹುಡುಗ. ಓಣಿಯ ಹೆಸರು ಹೇಳಿದೆ, ಗುಡಿಯ ಗುರುತು ಹೇಳಿದೆ. ಅವನು ಯಾರನ್ನೋ ಕೇಳಿ ಬಂದು, "ಅಣ್ಣಾರು ಲೊಕೇಶನ್ ಕಳ್ಸಾಕ್ ಹೇಳಿದ್ರು" ಅಂದ. ತನ್ನ ವಾರ್ಡಿನ ಓಣಿಗೆ ಬರಲು ಸದಸ್ಯನಿಗೆ ಲೊಕೇಶನ್ ಬೇಕಂತೆ, ಸ್ವಾಮಿ! ಕಳಿಸಿದೆ. ಅಣ್ಣಾವ್ರು ಬಂದದ್ದು ಊಟದ ಹೊತ್ತಿಗೆ. ಬಿಳಿ ಪಂಚೆ ಎತ್ತಿಕೊಂಡು ಕಲ್ಲಿಂದ ಕಲ್ಲಿಗೆ ಹೆಜ್ಜೆ ಇಟ್ಟು, ಹುಡುಗ ಹುಡುಗಿಗೆ ಹಾರ ಹಾಕಿ, ಫೋಟೋ ತೆಗೆಸಿಕೊಂಡು ಹೋದರು. ಆ ಫೋಟೋ ಇವತ್ತೂ ಅವರ ಫೇಸ್‌ಬುಕ್ಕಿನಲ್ಲಿದೆ. ಕೊಚ್ಚೆ ಮಾತ್ರ ಅದರಲ್ಲಿ ಇಲ್ಲ.

ಅಷ್ಟರೊಳಗೆ ಚೇಂಬರ್ ತೆಗೆಸಿದ್ದು ಹಿಂದಿನ ಓಣಿಯ ಅಕ್ಕ. ಈ ಅಣ್ಣಾವ್ರಿಗಿಂತ ಹಿಂದಿನ ಅವಧಿಯಲ್ಲಿ ನಮ್ಮ ಸದಸ್ಯೆಯಾಗಿದ್ದವರು. ಸೆರಗು ಸಿಕ್ಕಿಸಿಕೊಂಡು ಬಂದು ಚರಂಡಿ ಕಟ್ಟಿದ್ದನ್ನು ಬಿಡಿಸುವ ಜೆಟ್ಟಿಂಗ್ ಗಾಡಿಯವರಿಗೆ ತಾವೇ ಫೋನ್ ಹಚ್ಚಿದರು. ಅವರು ನಮ್ಮ ಮನೆ ಮುಂದೆ ಪೈಪ್ ಇಳಿಸಲು ಹೊರಟಾಗ, "ಏ ತಮ್ಮಾ, ಇಲ್ಲಲ್ಲ. ಮೂಲೆ ಚೇಂಬರ್ ತೆಗಿ, ಕಟ್ಟಿರೋದು ಅಲ್ಲಿ" ಅಂದರು. ಅಲ್ಲೇ ಕಟ್ಟಿತ್ತು. ಅಧಿಕಾರ ಇಲ್ಲ, ಗೌರವಧನ ಇಲ್ಲ, ಲೊಕೇಶನ್ನೂ ಕೇಳಲಿಲ್ಲ. ಇಂಥವರು ಟಿಕೆಟ್ ಕೇಳಿಕೊಂಡು ತಮ್ಮ ಮನೆ ಬಾಗಿಲಿಗೆ ಬಂದಿದ್ದರು. ಸಿಕ್ಕಿದ್ದು ಲೇಔಟ್ ಮಾಡುವವರೊಬ್ಬರ ಸಂಬಂಧಿಗೆ.

ಮೀಸಲಾತಿ ಬದಲಾಯಿತು ಎಂಬುದು ಪ್ರತಿ ಸಲದ ಉತ್ತರ. ಬದಲಾಗಲಿ, ಅದು ನ್ಯಾಯವೇ. ಬಂದ ವರ್ಗದಲ್ಲಿ ನಮ್ಮ ವಾರ್ಡಿನವರು ಒಬ್ಬರೂ ಸಿಗಲಿಲ್ಲವೇ? ಮಹಿಳಾ ಮೀಸಲು ಬಂದರೆ ಹೆಂಡತಿಯ ಹೆಸರು, ಗಂಡನ ಕಾರುಬಾರು. ಅದನ್ನು ಬೇರೆ ಬರೆಯಬೇಕೇ?

ಅನುಭವಸ್ಥರೇ ಯಾಕೆ ಅಂತ ತಾವು ಕೇಳಲಾರಿರಿ. ಶಾಸಕರಾಗಿ ತಾವೂ ಪಾಲಿಕೆಯಲ್ಲಿ ಮತ ಇರುವ ಸದಸ್ಯರು, ಸಭೆಯಲ್ಲಿ ಏನು ನಡೆಯುತ್ತದೆ ಎಂದು ಕಂಡಿದ್ದೀರಿ, ಬಂದಿದ್ದರೆ. 2020ರಲ್ಲಿ ಕೂತ ಕೌನ್ಸಿಲ್ಲಿನಲ್ಲಿ ವರ್ಷಕ್ಕೊಬ್ಬರು ಮೇಯರ್ ಆದರು. ಒಬ್ಬರು ಕಡತ ಓದಿ ಮುಗಿಸುವುದರೊಳಗೆ ಇನ್ನೊಬ್ಬರು. ಕಮಿಷನರ್ ವರ್ಗವಾಗಿ ಹೋಗುತ್ತಾರೆ. ಹೊಸ ಸದಸ್ಯ ಲೆಕ್ಕಪತ್ರ ಸ್ಥಾಯಿ ಸಮಿತಿಯಲ್ಲಿ ಕೂತರೆ ಬಿಲ್ಲಿನ ಮೇಲೆ ಕಣ್ಣಾಡಿಸಿ ಸಹಿ ಹಾಕುತ್ತಾನೆ. ಹೋದ ಸಲವೂ ಇದೇ ಚರಂಡಿಗೆ ದುಡ್ಡು ಕೊಟ್ಟಿದ್ದೆವಲ್ಲ ಅಂತ ಕೇಳುವುದು ಹಳಬರು ಮಾತ್ರ. ನೀರಿನ ಕಥೆಯೂ ಅದೇ. ಭದ್ರಾ ನಾಲೆ ನಿಂತಾಗ ಕುಂದವಾಡ ಕೆರೆಯಲ್ಲಿ, ಟಿ.ವಿ. ಸ್ಟೇಷನ್ ಕೆರೆಯಲ್ಲಿ ಎಷ್ಟು ನೀರಿದೆ, ರಾಜನಹಳ್ಳಿಯಲ್ಲಿ ಹೊಳೆ ನೀರೆತ್ತುವ ಪಂಪ್ ಕೆಟ್ಟಿದೆಯಾ, ನಮ್ಮ ಓಣಿಯ ವಾಲ್ವ್ ಯಾರ ಕೈಯಲ್ಲಿದೆ ಎಂದು ಅಕ್ಕನಿಗೆ ಬಾಯಿಪಾಠ. ಫ್ಲೆಕ್ಸಿನವರು ಕಲಿಯುವುದರೊಳಗೆ ಐದು ವರ್ಷ ಮುಗಿದಿರುತ್ತದೆ, ಖಾಲಿ ಕೊಡ ನಮ್ಮದೇ.

ಪೌರಾಡಳಿತದಲ್ಲಿ ವಿಶೇಷ ಜ್ಞಾನ ಅಥವಾ ಅನುಭವ ಇರುವವರನ್ನು ನಾಮನಿರ್ದೇಶನ ಮಾಡಬಹುದು ಎಂದು ಸಂವಿಧಾನದ 243ಆರ್ ವಿಧಿಯೇ ಹೇಳುತ್ತದೆ, ಅವರಿಗೆ ಮತ ಇಲ್ಲ ಅಷ್ಟೇ. ಆ ಜಾಗಗಳಿಗೆ ಎಲ್ಲ ಪಕ್ಷದವರೂ ಯಾರನ್ನು ಕೂರಿಸುತ್ತಾರೆ ಎಂಬುದು ಊರಿಗೇ ಗೊತ್ತು. ಅಲ್ಲಿ ಬಾಗಿಲು ಹಾಕಿದ್ದೀರಿ, ಟಿಕೆಟ್ಟಿನಲ್ಲೂ ಹಾಕಿದರೆ ಕೆಲಸ ಗೊತ್ತಿರುವವರು ಎಲ್ಲಿ ಹೋಗಬೇಕು?

ಗೆಲ್ಲುವ ಕುದುರೆ ಬೇಕು ಅನ್ನುತ್ತೀರಿ. ಕುದುರೆಗೆ ಹುಲ್ಲು ಹಾಕುವುದು ನಮ್ಮ ತೆರಿಗೆ ಎಂಬುದೂ ನೆನಪಿರಲಿ.

ಮತ್ತೊಮ್ಮೆ ಕೇಳುತ್ತೇನೆ. ಅಕ್ಕನಿಗೇ ಕೊಡಿ ಎಂಬ ಹಠ ನನಗಿಲ್ಲ. ನಮ್ಮ ವಾರ್ಡಿನಲ್ಲೇ ಹತ್ತಾರು ವರ್ಷ ಕಸದ ಗಾಡಿ ಮೇಲ್ವಿಚಾರಣೆ ಮಾಡಿ ನಿವೃತ್ತರಾದವರೂ ಕೇಳುತ್ತಿದ್ದಾರೆ, ಅವರಿಗಾದರೂ ಕೊಡಿ. ಪಟ್ಟಿ ಬೆಂಗಳೂರಿಗೆ ಹೋಗುವ ಮೊದಲು ದುಗ್ಗಮ್ಮನ ಗುಡಿ ಹತ್ತಿರ ಒಂದು ಸಂಜೆ ವಾರ್ಡಿನವರನ್ನು ಕರೆಯಿರಿ, ಆಕಾಂಕ್ಷಿಗಳನ್ನೆಲ್ಲ ಎದುರಿಗೆ ಕೂರಿಸಿ. ನಾವು ಕೇಳುವ ಪ್ರಶ್ನೆಗೆ ಅವರು ಉತ್ತರ ಹೇಳಲಿ. ವಾರ್ಡಿನವರಿಗೇ ಬಿ-ಫಾರಂ ಕೊಡಿ.

ಕೊಡದಿದ್ದರೆ ಅಕ್ಕ ಪಕ್ಷೇತರರಾಗಿ ನಿಲ್ಲುತ್ತಾರೆ, ಓಣಿಯವರೆಲ್ಲ ಸೇರಿ ಠೇವಣಿ ಕಟ್ಟುತ್ತೇವೆ. 2019ರ ನವೆಂಬರಿನಲ್ಲಿ 45 ವಾರ್ಡುಗಳ ಪೈಕಿ ಕಾಂಗ್ರೆಸ್ಸಿಗೆ 22, ಬಿಜೆಪಿಗೆ 17, ಜೆಡಿಎಸ್‌ಗೆ 1, ಪಕ್ಷೇತರರಿಗೆ 5. ಯಾರಿಗೂ ಬಹುಮತ ಇಲ್ಲದೆ, ಮೇಯರ್ ಚುನಾವಣೆಯಲ್ಲಿ ಮತ ಹಾಕಲೆಂದೇ ಬೇರೆ ಊರಿನ ವಿಧಾನ ಪರಿಷತ್ ಸದಸ್ಯರ ಹೆಸರುಗಳು ನಮ್ಮ ಮತದಾರರ ಪಟ್ಟಿ ಸೇರಿದವೆಂದು ಎಷ್ಟು ಗಲಾಟೆಯಾಯಿತು! ಆಗ ಆ ಐವರ ಮನೆ ಬಾಗಿಲಿಗೆ ಯಾರ್‍ಯಾರ ಕಾರು ನಿಂತಿದ್ದವು ಎಂದು ತಮಗೆ ನಾನು ಹೇಳಬೇಕಾಗಿಲ್ಲ.

ಇಂತಿ,
ಹಳೇ ದಾವಣಗೆರೆಯ ಒಬ್ಬ ಮತದಾರ