ಆಲ್ಟರ್ನೇಟರ್ ಬದಲಿಸಿದರೆ ಸಾಲದು, ಕಾರಣ ಬರೆದು ಕೊಡಿ

ಮಾನ್ಯ ಸಂಪಾದಕರೇ,

ನಾನು ತೀರ್ಥಹಳ್ಳಿಯಲ್ಲಿ ಬಾಡಿಗೆ ಕಾರು ಓಡಿಸುವವನು. ಸ್ವಂತ ಗಾಡಿ, ಹಳೆಯ ಡೀಸೆಲ್ ಗಾಡಿ. ನಮ್ಮ ಕಡೆ ಯಾರಿಗಾದರೂ ಜೋರು ಕಾಯಿಲೆ ಆದರೆ ಮಣಿಪಾಲಕ್ಕೆ ಓಡಬೇಕು. ಹಾಗಾಗಿ ರಾತ್ರಿ ಹೊತ್ತು ಆಗುಂಬೆ ಘಾಟಿ ಇಳಿಯುವುದು ನನಗೆ ಮಾಮೂಲು. ಈ ಗಾಡಿಯ ಆಲ್ಟರ್ನೇಟರ್, ಅಂದರೆ ಎಂಜಿನ್ ಓಡುವಾಗ ಕರೆಂಟ್ ಕೊಟ್ಟು ಬ್ಯಾಟರಿ ಚಾರ್ಜ್ ಮಾಡುವ, ಗ್ಯಾರೇಜಿನವರು ಡೈನಮೋ ಅನ್ನುವ ಭಾಗ, ಮತ್ತೆ ಮತ್ತೆ ಕೆಡುತ್ತಿತ್ತು. ಗ್ಯಾರೇಜಿನಲ್ಲಿ ಪ್ರತಿ ಸಲ ಒಂದೇ ಮಾತು: ‘ಡೈನಮೋ ಹೋಗಿದೆ ಅಣ್ಣ, ಬೇರೆ ಹಾಕ್ಬೇಕು.’ ಹಾಕಿಸಿದೆ. ಮಳೆಗಾಲ ಮುಗಿಯುವಷ್ಟರಲ್ಲಿ ಬ್ಯಾಟರಿಯ ಕೆಂಪು ದೀಪ ಮತ್ತೆ ಹತ್ತಿಕೊಂಡಿತು. ಯಾಕೆ ಕೆಡುತ್ತಿದೆ ಅಂತ ಯಾರೂ ಹೇಳಲಿಲ್ಲ. ಕೈಗೆ ಬಿಲ್ಲೂ ಬರಲಿಲ್ಲ.

ಇದು ಬರೀ ದುಡ್ಡಿನ ವಿಷಯ ಅಲ್ಲ. ಆಗುಂಬೆ ಮಳೆಯಲ್ಲಿ ಹೆಡ್‌ಲೈಟ್, ವೈಪರ್, ಗಾಜಿನ ಮಂಜು ತೆಗೆಯುವ ಬ್ಲೋವರ್ ಎಲ್ಲ ಒಟ್ಟಿಗೆ ಓಡುತ್ತಿರುತ್ತವೆ. 14 ತಿರುವುಗಳಲ್ಲಿ ಗಾಡಿ ನಿಧಾನ ಇಳಿಯುವಾಗ ಎಂಜಿನ್ ಸುತ್ತುವುದೂ ಕಡಿಮೆ, ಚಾರ್ಜ್ ಆಗುವುದೂ ಕಡಿಮೆ. ಅಂಥ ಹೊತ್ತಲ್ಲಿ ಆಲ್ಟರ್ನೇಟರ್ ನಿಂತರೆ ಇಡೀ ಭಾರ ಬ್ಯಾಟರಿ ಮೇಲೆ. ಸ್ವಲ್ಪ ಹೊತ್ತಿಗೆ ಲೈಟು ಮಂಕಾಗುತ್ತದೆ. ಹಿಂದಿನ ಸೀಟಿನಲ್ಲಿ ರೋಗಿ ಮಲಗಿರುತ್ತಾರೆ.

ಕೊನೆಗೆ ಕಾರಣ ಹುಡುಕಿದ್ದು ಶಿವಮೊಗ್ಗದ ಒಬ್ಬ ಹಿರಿಯ ಆಟೋ ಎಲೆಕ್ಟ್ರಿಷಿಯನ್. ಅವರು ಹೊಸ ಪೀಸಿನ ಮಾತೇ ಎತ್ತಲಿಲ್ಲ. ಹಳೆಯದನ್ನು ಬಿಚ್ಚಿ ತೋರಿಸಿದರು. ಒಳಗೆಲ್ಲ ಎಂಜಿನ್ ಆಯಿಲ್, ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಪೂರ್ತಿ ಕೆಸರು. ನಮ್ಮಂಥ ಹಳೆಯ ಡೀಸೆಲ್ ಗಾಡಿಗಳಲ್ಲಿ ಬ್ರೇಕಿಗೆ ಬೇಕಾದ ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರಿನ ಹಿಂಬದಿಗೇ ಕೂತಿರುತ್ತದೆ. ಅದಕ್ಕೆ ಎಂಜಿನ್ನಿಂದ ಆಯಿಲ್ ಬರುತ್ತದೆ, ಕೆಲಸ ಮುಗಿಸಿ ಪೈಪಿನಲ್ಲಿ ವಾಪಸ್ ಹೋಗುತ್ತದೆ. ನನ್ನ ಗಾಡಿಯಲ್ಲಿ ಆ ವಾಪಸ್ ಪೈಪ್ ಒಳಗೆ ಕಟ್ಟಿಕೊಂಡಿತ್ತು. ಹೋಗಲು ದಾರಿಯಿಲ್ಲದ ಆಯಿಲ್ ಸೀಲ್ ದಾಟಿ ಆಲ್ಟರ್ನೇಟರ್ ಒಳಗೆ ನುಗ್ಗುತ್ತಿತ್ತು. ಪೈಪ್ ಹಾಗೇ ಬಿಟ್ಟು ಎಷ್ಟು ಆಲ್ಟರ್ನೇಟರ್ ಹಾಕಿದರೂ ಅಷ್ಟೇ ಅಲ್ವಾ? ಆ ಪಂಪೇ ಕೆಟ್ಟಿದ್ದರೆ ಬ್ರೇಕ್ ಪೆಡಲ್ ಕಲ್ಲಾಗುತ್ತಿತ್ತು. ಘಾಟಿಯಲ್ಲಿ ಹಾಗಾದರೆ ಏನು ಗತಿ ಅಂತ ಯೋಚಿಸಿದರೆ ಇವತ್ತಿಗೂ ಭಯವಾಗುತ್ತದೆ.

ಅವರು ವೋಲ್ಟ್ ಅಳೆಯುವ ಮೀಟರ್ ಹಿಡಿದು ಇನ್ನೊಂದನ್ನೂ ತೋರಿಸಿದರು. ಹೆಡ್‌ಲೈಟ್, ಬ್ಲೋವರ್ ಹಾಕಿ ಎಂಜಿನ್ ಓಡುವಾಗ ಆಲ್ಟರ್ನೇಟರ್ ಮೈಗೂ ಬ್ಯಾಟರಿಯ ಮೈನಸ್ಸಿಗೂ ನಡುವೆ ಹೆಚ್ಚೆಂದರೆ 0.2 ವೋಲ್ಟ್ ಇರಬೇಕಂತೆ. ನನ್ನದರಲ್ಲಿ ತುಂಬಾ ಜಾಸ್ತಿ ಇತ್ತು. ಯಾಕೆಂದರೆ ಕರೆಂಟ್ ಬ್ಯಾಟರಿಯ ಮೈನಸ್ಸಿಗೆ ವಾಪಸ್ ಸೇರುವ ಅರ್ತ್ ವೈರ್ ತುಕ್ಕು ಹಿಡಿದಿತ್ತು. ಅದನ್ನು ಉಜ್ಜಿ, ಪೈಪ್ ಮತ್ತು ಸೀಲ್ ಬದಲಿಸಿದರು. ಖರ್ಚು ಹೊಸ ಆಲ್ಟರ್ನೇಟರಿಗಿಂತ ಎಷ್ಟೋ ಕಡಿಮೆ. ಅವತ್ತಿನಿಂದ ಕೆಂಪು ದೀಪ ಹತ್ತಿಲ್ಲ.

ಎಲ್ಲ ಗಾಡಿಯಲ್ಲೂ ಆಯಿಲ್ಲೇ ಕಾರಣ ಅಂತ ನಾನು ಹೇಳುತ್ತಿಲ್ಲ. ಸತ್ತ ಬ್ಯಾಟರಿ ಇಟ್ಟುಕೊಂಡೇ ಹೊಸ ಆಲ್ಟರ್ನೇಟರ್ ಹಾಕಿದರೆ ಅದು ಬಿಡುವಿಲ್ಲದೆ ದುಡಿದು ಕಾದು ಸುಡುತ್ತದೆ. ಆಲ್ಟರ್ನೇಟರನ್ನು ತಿರುಗಿಸುವ ಬೆಲ್ಟ್ ಅತಿ ಬಿಗಿಯಾದರೆ ಅದರ ಬೇರಿಂಗ್ ಹೋಗುತ್ತದೆ. ಇನ್ನೊಂದು ಕೆಟ್ಟ ಅಭ್ಯಾಸ ಇದೆ: ಎಂಜಿನ್ ಓಡುವಾಗಲೇ ಬ್ಯಾಟರಿ ವೈರ್ ಕಿತ್ತು ‘ಚಾರ್ಜ್ ಆಗ್ತಿದೆಯಾ’ ಅಂತ ನೋಡುವುದು. ವೋಲ್ಟೇಜ್ ಒಮ್ಮೆಗೇ ಏರಿ ಆಲ್ಟರ್ನೇಟರ್ ಒಳಗಿನ, ಕರೆಂಟನ್ನು ಒಂದೇ ಕಡೆಗೆ ಬಿಡುವ ಡಯೋಡ್ ಸುಡಬಹುದು. ಈಗಿನ ಗಾಡಿಗಳಲ್ಲಿ ಎಂಜಿನ್ನಿನ ಕಂಪ್ಯೂಟರಿಗೂ ಅಪಾಯ. ದಯವಿಟ್ಟು ಯಾರಿಗೂ ಹಾಗೆ ಮಾಡಲು ಬಿಡಬೇಡಿ. ಬ್ಯಾಟರಿಗೆ ಮೀಟರ್ ಹಿಡಿದರೆ ಸಾಕು. ಎಂಜಿನ್ ನಿಂತು ಕೆಲವು ಗಂಟೆ ಆದ ಮೇಲೆ 12.6 ವೋಲ್ಟ್ ಆಸುಪಾಸು, ಎಂಜಿನ್ ಓಡುವಾಗ 13.8ರಿಂದ 14.5 ಇದ್ದರೆ ಸಾಮಾನ್ಯವಾಗಿ ಸರಿ. ಕೆಲವು ಹೊಸ ಗಾಡಿಗಳಲ್ಲಿ ಕಂಪ್ಯೂಟರೇ ಚಾರ್ಜಿಂಗ್ ಹೆಚ್ಚು ಕಡಿಮೆ ಮಾಡುತ್ತದೆ. ಅವುಗಳ ಲೆಕ್ಕ ಬೇರೆ.

ನಮ್ಮ ಗ್ಯಾರೇಜಿನವರಲ್ಲಿ ಕೈಕೆಲಸ ಬಲ್ಲವರು ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ನನ್ನ ಕೋರಿಕೆ ಇಷ್ಟೇ. ಆಲ್ಟರ್ನೇಟರ್ ಬದಲಿಸಿದಾಗ ಬಿಲ್ ಕೊಡಿ. ಹಾಕಿದ್ದು ಹೊಸದೋ ರಿಪೇರಿ ಮಾಡಿದ್ದೋ, ಮೊದಲು ಮೀಟರ್ ಎಷ್ಟು ತೋರಿಸಿತು, ಆಮೇಲೆ ಎಷ್ಟು, ಹಳೆಯದು ಯಾಕೆ ಕೆಟ್ಟಿತು ಅಂತ ಅದರಲ್ಲೇ ನಾಲ್ಕು ಸಾಲು ಬರೆಯಿರಿ. ಹಳೆಯ ಪೀಸನ್ನು ಗಿರಾಕಿಗೆ ತೋರಿಸಿ. ಬಿಲ್ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ತಪ್ಪು. ಗಾಡಿ ಮಾಲೀಕರೂ ಸುಮ್ನೆ ದುಡ್ಡು ಕೊಟ್ಟು ಬರಬಾರದು. ಕೇಳಿದರೂ ಕೊಡದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಜೂನ್ ಮಳೆ ಶುರುವಾಗುವ ಮೊದಲೇ ನಮ್ಮ ಜಿಲ್ಲೆಯ ಗ್ಯಾರೇಜ್ ಮಾಲೀಕರು ಈ ಪದ್ಧತಿ ಜಾರಿಗೆ ತರಲಿ ಎಂದು ಕೇಳಿಕೊಳ್ಳುತ್ತೇನೆ.

– ಟ್ಯಾಕ್ಸಿ ಚಾಲಕ, ತೀರ್ಥಹಳ್ಳಿ