ಗಾಮಾ ನೈಫ್‌ನಲ್ಲಿ ಚಾಕು ಇಲ್ಲ

ಮಾನ್ಯರೇ,

ಮೆದುಳಿನ ಗಡ್ಡೆಗೆ ‘ಗಾಮಾ ನೈಫ್’ ಎಂದೊಡನೆ ತಲೆ ಕೊಯ್ಯುತ್ತಾರೆಂದು ನಮ್ಮ ಕೊಡಗಿನಲ್ಲಿ ಈಗಲೂ ಹೆದರುವವರಿದ್ದಾರೆ. ಅದರಲ್ಲಿ ಚಾಕುವೇ ಇಲ್ಲ. ಈಚಿನ ಯಂತ್ರಗಳಲ್ಲಿ ವಿಕಿರಣ ಸೂಸುವ ಕೋಬಾಲ್ಟ್-60 ಲೋಹದ 192 ಮೂಲಗಳಿಂದ ಹೊರಟ ಕಿರಣಗಳು ಗಡ್ಡೆಯ ಮೇಲೆ ಬಂದು ಕೂಡುತ್ತವೆ. ಒಂದೊಂದೂ ದುರ್ಬಲ, ಕೂಡಿದ ಜಾಗಕ್ಕಷ್ಟೇ ಪೆಟ್ಟು. ಸಾಮಾನ್ಯವಾಗಿ ಹಣೆಗೂ ಹಿಂತಲೆಗೂ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ನಾಲ್ಕು ಪಿನ್ನುಗಳಿಂದ ಲೋಹದ ಚೌಕಟ್ಟು ಬಿಗಿದು ಎಂಆರ್‌ಐ ತೆಗೆಯುತ್ತಾರೆ. ರೋಗಿಗೆ ಕಿರಿಕಿರಿಯಾಗುವುದು ಆ ಬಿಗಿತದಿಂದ, ಕಿರಣದಿಂದಲ್ಲ. ಗಡ್ಡೆ ಸುಮಾರು 3 ಸೆಂ.ಮೀ. ದಾಟಿದ್ದರೆ ಒಂದೇ ಸಲಕ್ಕೆ ಪೂರ್ತಿ ಪ್ರಮಾಣ ಕೊಡುವುದು ಕಷ್ಟ, ಸುತ್ತಲ ಮೆದುಳು ಊದಿಕೊಳ್ಳಬಹುದು.

ಲೇಸರ್ ಚಿಕಿತ್ಸೆ ಬೇರೆ. ಬುರುಡೆಯಲ್ಲಿ ಕೆಲವೇ ಮಿಲಿಮೀಟರಿನ ತೂತು ಕೊರೆದು, ಲೇಸರ್ ಬೆಳಕು ಹಾಯಿಸುವ ಸಣ್ಣ ಫೈಬರ್ ಎಳೆ ಇಳಿಸಿ, ಎಂಆರ್‌ಐಯಲ್ಲಿ ಶಾಖ ಅಳೆಯುತ್ತ ಗಡ್ಡೆಯನ್ನು ಸುಡುತ್ತಾರೆ.

ಮಡಿಕೇರಿಯಿಂದ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೊರಡುವವರು ಎಂಆರ್‌ಐ ಫಿಲ್ಮ್ ಮಾತ್ರ ಒಯ್ಯದೆ ಸಿ.ಡಿ.ಯನ್ನೂ ಕೇಳಿ ಪಡೆಯಿರಿ. ನಮ್ಮ ಮಳೆಗಾಲದ ತೇವಕ್ಕೆ ಫಿಲ್ಮುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕಿರಣ ಕೊಟ್ಟ ಮೇಲೂ ಗಡ್ಡೆ ತಿಂಗಳುಗಟ್ಟಲೆ ಹಾಗೇ ಕಾಣಬಹುದು, ಚಿಕಿತ್ಸೆ ಸೋತಿತೆಂದಲ್ಲ. ಊತಕ್ಕೆಂದು ಬರೆದ ಡೆಕ್ಸಾಮೆಥಾಸೋನ್ ಮಾತ್ರೆಯನ್ನು ಊರಿಗೆ ಬಂದು ತಾವಾಗಿಯೇ ನಿಲ್ಲಿಸಬಾರದು. ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು. ತಲೆನೋವು, ವಾಂತಿ ಮರುಕಳಿಸಿದರೆ ಅಥವಾ ಫಿಟ್ಸ್ ಬಂದರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಿ.

– ಓದುಗರು, ಮಡಿಕೇರಿ