ಈರುಳ್ಳಿ ಅಂಗಡಿಯ ಅಣ್ಣನಿಗೆ

ಈಸ್ಟರ್ ಹಿಂದಿನ ಶನಿವಾರ ಸಂಜೆ, ಶಿವಮೊಗ್ಗದ ಗಾಂಧಿ ಬಜಾರ್. ಮಾರನೇ ದಿನ ಪೂಜೆ ಮುಗಿದ ಮೇಲೆ ಚರ್ಚಿನ ಪುಟಾಣಿಗಳಿಂದ ಮೊಟ್ಟೆಗೆ ಬಣ್ಣ ಹಾಕಿಸಬೇಕಿತ್ತು. ಆನ್‌ಲೈನಿನಲ್ಲಿ ತರಿಸಿದ ಬಣ್ಣ ಬರಲೇ ಇಲ್ಲ. ಮೂರ್ನಾಲ್ಕು ವರ್ಷದ ಮಕ್ಕಳು, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ; ಪೇಂಟ್ ಕೊಡೋಕೆ ಧೈರ್ಯ ಸಾಲದು. ಈರುಳ್ಳಿ ಸಿಪ್ಪೆ ಕುದಿಸಿದರೆ ಬಣ್ಣ ಬಿಡುತ್ತೆ, ಆದರೆ ಅಷ್ಟು ಸಿಪ್ಪೆ ಯಾರ ಮನೇಲಿರುತ್ತೆ?

ಅಂಗಡಿ ಬಾಗಿಲು ಹಾಕ್ತಿದ್ದ ಅಣ್ಣ ನನ್ನ ಮಾತು ಕೇಳಿ ನಕ್ಕರು. ಆದರೂ ಶಟರ್ ಮತ್ತೆ ಮೇಲೆತ್ತಿದರು. ಖಾಲಿ ಚೀಲಗಳನ್ನ ಒಂದೊಂದೇ ಕೊಡವಿ, ಕೂತು ಸಿಪ್ಪೆ ಆರಿಸಿದರು. "ಒದ್ದೆದು ಬೇಡ ಮೇಡಂ, ವಾಸನೆ ಬರುತ್ತೆ." ಕಪ್ಪು ಬೂಷ್ಟು ಹಿಡಿದಿದ್ದನ್ನೆಲ್ಲ ಬೇರೆ ಎಸೆದರು. ದುಡ್ಡು ಕೊಡಹೋದರೆ, "ಸಿಪ್ಪೆಗೆ ಎಂಥ ದುಡ್ಡು?" ಅಷ್ಟೊತ್ತಿಗೆ ಮಳೆ ಹನಿ, ಚೀಲದ ಬಾಯಿಗೆ ಇನ್ನೊಂದು ಕವರ್ ಕಟ್ಟಿಕೊಟ್ಟರು. ಆ ರಾತ್ರಿ ನೆಮ್ಮದಿಯಾಗಿ ಊಟ ಸೇರ್ತು.

ಅಣ್ಣಾ, ಸ್ವಲ್ಪ ವಿನೆಗರ್ ಹಾಕಿದ ಆ ನೀರಲ್ಲಿ ಬಿಳಿ ಮೊಟ್ಟೆಗಳು ಚೆಂದ ಕೆಂಗಂದು ಬಣ್ಣಕ್ಕೆ ಬಂದವು. ಕೊತ್ತಂಬರಿ ಎಲೆ ಅಂಟಿಸಿ ಬಟ್ಟೆ ಬಿಗಿದವಕ್ಕೆ ಎಲೆಯ ಅಚ್ಚೂ ಬಿತ್ತು. ಉಳಿದ ಸಿಪ್ಪೆ ಕಾಗದದ ಕೋಳಿಮರಿಗಳಿಗೆ ರೆಕ್ಕೆಯಾಯ್ತು. ಒಂದು ಮರಿ ನಿಮಗೇ ಅಂತ ಎತ್ತಿಟ್ಟಿದೀನಿ, ಬಜಾರಿಗೆ ಬಂದಾಗ ಕೊಡ್ತೀನಿ. ಒಂದು ಕಾಲು ಮಾತ್ರ ಸೊಟ್ಟ.